ಬೂಟ್‌ಲೋಡರ್ ಆನ್ ಮಾಡಿಟ್ಟು ಹೋದ ಕ್ಲಾಕ್

ಮಲ್ಪೆಯ ಬೋಟುಗಳಲ್ಲಿ ಇಡುವ ಸಣ್ಣ ಪೆಟ್ಟಿಗೆ. ಎಂಜಿನ್ ಬಿಸಿ, ಡೀಸೆಲ್ ಮಟ್ಟ ಎಲ್ಲ ಎಸ್‌ಡಿ ಕಾರ್ಡ್‌ಗೆ ಬರೆದಿಡಬೇಕು. ಕಾರ್ಡ್‌ನ ಲಿನಕ್ಸ್ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ಪ್ರೋಗ್ರಾಂ, ನನ್ನ ಪಾಲಿಗೆ ಬಂತು. ಚಿಪ್ ಜೊತೆ ಸಿಕ್ಕಿದ ಹಳೇ ಡ್ರೈವರನ್ನು ಹೊಸ ಕರ್ನಲ್‌ಗೆ (ಲಿನಕ್ಸ್‌ನ ತಿರುಳು) ಹೊಂದಿಸಿದರೆ ಮುಗೀತು ಅಂದುಕೊಂಡೆ. ಎರಡು ವಾರ ಮಂಡೆ ಬಿಸಿ.

ಬೋರ್ಡ್ ಆನ್ ಮಾಡಿದರೆ ಕಾರ್ಡ್‌ನ ಹೆಸರು, ಗಾತ್ರ ಎಲ್ಲ ಕನ್ಸೋಲ್‌ನಲ್ಲಿ ಬರುತ್ತಿತ್ತು. ಸಿಸ್ಟಮ್‌ನ ಮುಖ್ಯ ಫೈಲ್‌ಗಳಿರುವ ರೂಟ್ ಫೈಲ್‌ಸಿಸ್ಟಮ್ ಮೌಂಟ್ ಮಾಡುವ ಹೊತ್ತಿಗೆ ಎಲ್ಲ ಸ್ತಬ್ಧ. ಎರರ್ ಇಲ್ಲ, ಕರ್ನಲ್ ಕುಸಿದಾಗ ಬರುವ ಪ್ಯಾನಿಕ್ ಸಂದೇಶವೂ ಇಲ್ಲ. ನಾನಿದ್ದದ್ದು ಉಡುಪಿಯ ಮನೆಯಲ್ಲಿ. ಮಂಗಳೂರು ಆಫೀಸಿನ ಗೆಳೆಯನ ಬೋರ್ಡ್ ಕಾರ್ಡ್‌ನ ಹೆಸರು ಬರುವ ಮೊದಲೇ ನಿಲ್ಲುತ್ತಿತ್ತು. "ನಿನ್ನ ಬೋರ್ಡೇ ಸರಿ ಇಲ್ಲ ಮಾರಾಯ" ಅಂತ ನಾನು, "ನಿನ್ನದೇ" ಅಂತ ಅವನು. ಒಂದು ದಿನ ಅದರಲ್ಲೇ ಹೋಯಿತು. ವ್ಯತ್ಯಾಸ ಇದ್ದದ್ದು ಇಷ್ಟೇ: ನಾನು ಕರ್ನಲನ್ನು ಕಾರ್ಡ್‌ನಿಂದ ಲೋಡ್ ಮಾಡುತ್ತಿದ್ದೆ, ಅವನು ನೆಟ್‌ವರ್ಕ್‌ನಿಂದ.

ನನ್ನ ಕನ್ಸೋಲ್‌ನ ಕೊನೆಯಲ್ಲಿ 'ಡಿಸೇಬ್ಲಿಂಗ್ ಅನ್‌ಯೂಸ್ಡ್ ಕ್ಲಾಕ್ಸ್' ಅಂತ ಒಂದು ಸಾಲು ದಿನಾ ಬರುತ್ತಿತ್ತು. ನಾನು ಓದಿರಲಿಲ್ಲ ಅಷ್ಟೇ. ಕ್ಲಾಕ್ ಅಂದರೆ ಚಿಪ್‌ನ ಭಾಗಗಳಿಗೆ ತಾಳ ಹಾಕುವ ಸಿಗ್ನಲ್. ಬೂಟ್ ಮುಗಿಯುವಾಗ, ಯಾವ ಡ್ರೈವರೂ ಕೇಳದ ಕ್ಲಾಕ್‌ಗಳನ್ನು ಕರ್ನಲ್ ಆಫ್ ಮಾಡುತ್ತದೆ. ಹಾಗೆ ಮಾಡಬೇಡ ಅಂತ ಹೇಳುವ ಬೂಟ್ ಆಯ್ಕೆ ಒಂದಿದೆ. ಹಾಕಿ ನೋಡಿದೆ, ಬೋರ್ಡ್ ಸಲೀಸಾಗಿ ಎದ್ದಿತು.

ಚಿಪ್‌ನಲ್ಲಿ ಕಾರ್ಡ್ ನೋಡಿಕೊಳ್ಳುವ ಕಂಟ್ರೋಲರ್‌ಗೆ ಎರಡು ಕ್ಲಾಕ್ ಬೇಕು. ಒಂದು ಕಾರ್ಡ್‌ಗೆ ಹೋಗುವುದು, ಇನ್ನೊಂದು, ಡ್ರೈವರ್ ಅದರೊಡನೆ ಮಾತಾಡುವ ರಿಜಿಸ್ಟರ್‌ಗಳಿಗೆ. ಹಳೇ ಡ್ರೈವರ್ ಮೊದಲನೆಯದನ್ನು ಮಾತ್ರ ಕೇಳುತ್ತಿತ್ತು. ಎರಡನೆಯದನ್ನು ಬೂಟ್‌ಲೋಡರ್ (ಕರ್ನಲನ್ನು ಲೋಡ್ ಮಾಡುವ ಪ್ರೋಗ್ರಾಂ) ಕಾರ್ಡ್ ಓದಲು ಆನ್ ಮಾಡಿ ಹಾಗೇ ಬಿಟ್ಟು ಹೋಗಿತ್ತು. ಗೆಳೆಯನ ಬೂಟ್‌ಲೋಡರ್ ಕಾರ್ಡ್ ಮುಟ್ಟುತ್ತಲೇ ಇರಲಿಲ್ಲ, ಅಲ್ವಾ? ಆ ಕ್ಲಾಕ್ ಇಲ್ಲದೆ ರಿಜಿಸ್ಟರ್ ಓದಲು ಹೋದರೆ ನಮ್ಮ ಚಿಪ್‌ನಲ್ಲಿ ಸಿಪಿಯು ಉತ್ತರಕ್ಕೆ ಕಾಯುತ್ತಾ ಕೂತುಬಿಡುತ್ತದೆ.

ಡ್ರೈವರ್ ಶುರುವಾಗುವಾಗ ಓಡುವ ಪ್ರೋಬ್‌ನಲ್ಲಿ ಎರಡನ್ನೂ ಕೇಳಿದೆ. ಮೊದಲು ರಿಜಿಸ್ಟರ್ ಕ್ಲಾಕ್, ಆಮೇಲೆ ಕಾರ್ಡ್‌ನದ್ದು. ಆಫ್ ಮಾಡುವುದು ಉಲ್ಟಾ. ಇಲ್ಲೂ ಒಂದು ತಪ್ಪು ಮಾಡಿದೆ. ಕಾರ್ಡ್‌ಗೆ ವಿದ್ಯುತ್ ಕೊಡುವ ರೆಗ್ಯುಲೇಟರ್ ಇನ್ನೂ ತಯಾರಿಲ್ಲ ಅಂದರೆ ಪ್ರೋಬ್ ಅರ್ಧಕ್ಕೆ ಬಿಟ್ಟು ಆಮೇಲೆ ಮತ್ತೆ ಓಡುತ್ತದೆ. ಆ ದಾರಿಯಲ್ಲಿ ಕ್ಲಾಕ್ ಆಫ್ ಮಾಡುವುದು ಮರೆತಿತ್ತು. ಕರ್ನಲ್‌ನ ಒಳಗೇನಿದೆ ಅಂತ ತೋರಿಸುವ ಡಿಬಗ್‌ಎಫ್‌ಎಸ್‌ನ ಕ್ಲಾಕ್ ಪಟ್ಟಿಯಲ್ಲಿ 1 ಇರಬೇಕಾದ ಎನೇಬಲ್ ಎಣಿಕೆ (ಆನ್ ಮಾಡಿ ಆಫ್ ಮಾಡದೆ ಬಿಟ್ಟ ಸಲಗಳು) 4 ತೋರಿಸುತ್ತಿತ್ತು. ಇಂಥ ಕ್ಲಾಕ್ ಆಫೇ ಆಗುವುದಿಲ್ಲ, ಬ್ಯಾಟರಿ ಸುಮ್ನೆ ಖಾಲಿ.

ಇನ್ನೊಂದು ತಪ್ಪು ಡಿವೈಡರ್‌ದು, ಅಂದರೆ ಮೂಲ ಕ್ಲಾಕನ್ನು ಭಾಗಿಸಿ ಕಾರ್ಡ್‌ನ ವೇಗ ಕೊಡುವ ಸಂಖ್ಯೆಯದು. ಶುರುವಿನಲ್ಲಿ ಕಾರ್ಡನ್ನು ಗುರುತಿಸುವಾಗ ವೇಗ 400 ಕಿಲೋಹರ್ಟ್ಸ್ ದಾಟಬಾರದು. ಹೈ ಸ್ಪೀಡ್‌ನಲ್ಲಿ 50 ಮೆಗಾಹರ್ಟ್ಸ್. ನಮ್ಮ ಮೂಲ ಕ್ಲಾಕ್ 120 ಮೆಗಾಹರ್ಟ್ಸ್. ಸಿ ಭಾಷೆಯಲ್ಲಿ 120ನ್ನು 50ರಿಂದ ಭಾಗಿಸಿದರೆ 2, ದಶಮಾಂಶ ಬಿಟ್ಟುಹೋಗುತ್ತದೆ. ಅಂದರೆ ಕಾರ್ಡ್‌ಗೆ ಹೋದದ್ದು 60! 400 ಕಿಲೋಹರ್ಟ್ಸ್‌ಗೆ ಲೆಕ್ಕ ಸರಿಯಾಗಿ 300 ಬರುವುದರಿಂದ ಗುರುತಿಸುವಾಗ ಏನೂ ಗೊತ್ತಾಗುತ್ತಿರಲಿಲ್ಲ. ಕೆಲವು ಕಾರ್ಡ್ 60 ಸಹಿಸಿದವು, ಕೆಲವು ಮೈನಸ್ 84, ಅಂದರೆ ಡೇಟಾ ಕೆಟ್ಟಿದೆ ಅನ್ನುವ ಸಿಆರ್‌ಸಿ ಎರರ್, ಕೊಟ್ಟವು. ನಾನು ಕಾರ್ಡ್‌ಗಳನ್ನೇ ಬೈದೆ. ಭಾಗಾಕಾರವನ್ನು ಮೇಲಕ್ಕೆ ರೌಂಡ್ ಮಾಡಿದ ಮೇಲೆ ಡಿವೈಡರ್ 3, ವೇಗ 40. ಸ್ವಲ್ಪ ನಿಧಾನ, ಆದರೆ ತಕರಾರಿಲ್ಲ.

ಕೊನೆಗೆ, ಕೆಲಸವಿಲ್ಲದಾಗ ಕ್ಲಾಕ್ ಆಫ್ ಮಾಡುವ ರನ್‌ಟೈಮ್ ಪವರ್ ಮ್ಯಾನೇಜ್‌ಮೆಂಟ್ ಸೇರಿಸಿದೆ. ಅದಕ್ಕೆ ಅರ್ಧ ದಿನ ಸಾಕಾಯಿತು. ಈಗ ಕಾರ್ಡ್‌ಗೆ ಬರೆಯುವಾಗ ಎರಡೂ ಕ್ಲಾಕ್‌ಗಳ ಎಣಿಕೆ 1. ಬರೆದು 50 ಮಿಲಿಸೆಕೆಂಡ್ ಸುಮ್ಮನಿದ್ದರೆ 0.