ಕಚ್ಚಾ ತೈಲದಿಂದ ನೀರು ಬಿಡಿಸಲು ಅಲ್ಟ್ರಾಸೌಂಡ್: ಪವರ್ ಇಳಿಸಿದ ಮೇಲೆ ಆದ ಕೆಲಸ

500 ಮಿ.ಲೀ. ಎಮಲ್ಷನ್ (ತೈಲದಲ್ಲಿ ನೀರಿನ ಸಣ್ಣ ಹನಿಗಳು ಬೆರೆತ ಮಿಶ್ರಣ), ನೀರು ಸುಮಾರು 20%. 65 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟರೂ ನೀರು ತಳಕ್ಕಿಳಿಯಲಿಲ್ಲ. ಸೆಂಟ್ರಿಫ್ಯೂಜ್ ಮಾಡಿದರೆ (ವೇಗವಾಗಿ ತಿರುಗಿಸಿದರೆ) ನಡುವೆ ಬೇರ್ಪಡದ ಚಾಕೊಲೇಟ್ ಬಣ್ಣದ ದಪ್ಪ ಪದರ.

ಡಿಮಲ್ಸಿಫೈಯರನ್ನು (ನೀರು-ತೈಲ ಬೇರ್ಪಡಿಸುವ ರಾಸಾಯನಿಕ) 50ರಿಂದ 200 ಪಿಪಿಎಂಗೆ (ಹತ್ತು ಲಕ್ಷದಲ್ಲಿ ಇಷ್ಟು ಪಾಲು) ಏರಿಸಿದ್ದು ವ್ಯರ್ಥ. 20 ಕಿಲೋಹರ್ಟ್ಸ್ ಪ್ರೋಬ್ (ಅಲ್ಟ್ರಾಸೌಂಡ್ ಹೊಮ್ಮಿಸುವ ಲೋಹದ ಸಲಾಕೆ) ಅದ್ದಿ ಪೂರ್ತಿ ಪವರ್ ಕೊಟ್ಟಾಗ ಇನ್ನೂ ಕೆಟ್ಟಿತು: ತುದಿಯಲ್ಲಿ ಗುಳ್ಳೆಗಳು ಕುಸಿಯುವ ಹೊಡೆತಕ್ಕೆ ಹನಿಗಳು ಮತ್ತಷ್ಟು ಚೂರಾದವು. ಎಮಲ್ಷನ್ ತಯಾರಿಸಲು ಬಳಸುವುದೂ ಇದೇ ಪ್ರೋಬ್ ತಾನೇ!

ಕೊನೆಗೆ ಫಲಿಸಿದ್ದು ಪವರ್ ಹೊಂದಿಸಬಹುದಾದ 28 ಕಿಲೋಹರ್ಟ್ಸ್ ಬಾತ್ (ನೀರು ತುಂಬಿದ ಅಲ್ಟ್ರಾಸೌಂಡ್ ತೊಟ್ಟಿ). ಮೊದಲು ಬಾತಿನ ನೀರನ್ನು 10 ನಿಮಿಷ ಬರಿದೇ ಓಡಿಸಿ ಕರಗಿದ ಗಾಳಿ ಬಿಡಿಸಿ. ತೈಲವನ್ನು 65 ಡಿಗ್ರಿಗೆ ಕಾಯಿಸಿ, ಡಿಮಲ್ಸಿಫೈಯರ್ 50 ಪಿಪಿಎಂ ಹಾಕಿ ಮೆಲ್ಲಗೆ ಕಲಸಿ. ಅಲ್ಟ್ರಾಸೌಂಡ್ ನಂತರ ಹಾಕಿದರೆ ಅದು ಹನಿಗಳ ಮೇಲ್ಮೈಗೆ ಸರಿಯಾಗಿ ತಲುಪುವುದಿಲ್ಲ. ಆಮೇಲೆ ತೈಲದ ಜಾಡಿಯನ್ನು ಬಾತಿನಲ್ಲಿಟ್ಟು 20% ಪವರ್, 10 ನಿಮಿಷ, ಕಲಕದೆ. ಜಾಡಿಯೊಳಗಿಂದ ಚರಚರ ಸದ್ದು ಬಂದರೆ ಕ್ಯಾವಿಟೇಷನ್ (ಗುಳ್ಳೆಗಳು ಹುಟ್ಟಿ ಕುಸಿಯುವುದು) ಶುರುವಾಗಿದೆ, ಪವರ್ ಇನ್ನೂ ಇಳಿಸಿ. ಸೌಮ್ಯ ಅಲೆಯಲ್ಲಿ ಹನಿಗಳು ಅರ್ಧ ತರಂಗಾಂತರಕ್ಕೊಂದು (ಇಲ್ಲಿ ಸುಮಾರು ಎರಡೂವರೆ ಸೆಂ.ಮೀ.) ಪಟ್ಟಿಯಾಗಿ ಸೇರಿ ಒಂದಾಗುತ್ತವೆ. ಬಳಿಕ 65 ಡಿಗ್ರಿಯಲ್ಲೇ 2 ಗಂಟೆ ಅಲುಗಾಡಿಸದೆ ಬಿಡಿ. ಮೇಲಿನ ತೈಲದಲ್ಲಿ ಉಳಿದ ನೀರು 1%ಗಿಂತ ಕಡಿಮೆ.

20 ನಿಮಿಷ ಓಡಿಸಿದಾಗ ಮತ್ತೆ ಮಸುಕಾಯಿತು. ತೈಲದ ಆವಿ ಹೊತ್ತಿಕೊಳ್ಳುತ್ತದೆ: ಫ್ಯೂಮ್ ಹುಡ್ (ಆವಿಯನ್ನು ಹೊರಗೆಳೆಯುವ ಕಪಾಟು) ಬೇಕೇ ಬೇಕು, ಜಾಡಿಯ ಮುಚ್ಚಳ ಬಿಗಿಯಬೇಡಿ.