ಮೇಜಿನ ಮೇಲೊಂದು ಬಿಟ್‌ಕಾಯಿನ್ ಗಣಿ: ಮೊದಲು ಲೆಕ್ಕ, ಆಮೇಲೆ ಜೋಡಣೆ

ಕ್ರಿಪ್ಟೊ ಮೈನಿಂಗ್ ಯಂತ್ರ ಕೊಳ್ಳಹೊರಟವರು ಮೊದಲು ಕೇಳುವುದು ‘ತಿಂಗಳಿಗೆ ಎಷ್ಟು ಬರುತ್ತದೆ?’ ಎಂದು. ಮಾರುವವರಿಗೂ ಈ ಪ್ರಶ್ನೆ ಬಲು ಪ್ರಿಯ, ಏಕೆಂದರೆ ಬಾಯಿಗೆ ಬಂದ ಅಂಕಿ ಹೇಳಬಹುದು. ‘ಒಂದು ಯುನಿಟ್ ವಿದ್ಯುತ್ ಉರಿಸಿದರೆ ಎಷ್ಟು ಬರುತ್ತದೆ?’ ಎಂದು ಕೇಳಿ ನೋಡಿ. ಅರ್ಧಕ್ಕರ್ಧ ಅಂಗಡಿಗಳು ಅಲ್ಲಿಯೇ ಮೌನವಾಗುತ್ತವೆ. ಹವ್ಯಾಸಕ್ಕೆಂದು ಈ ಕೆಲಸಕ್ಕೆ ಇಳಿಯುವವರು ಈ ಒಂದು ಲೆಕ್ಕವನ್ನು ಕಲಿತುಕೊಂಡರೆ ಉಳಿದ ತೀರ್ಮಾನಗಳೆಲ್ಲ ಸುಲಭ.

ಯಂತ್ರ ಮಾಡುವುದೇನು?

ಬಿಟ್‌ಕಾಯಿನ್ ಯಂತ್ರ ಬುದ್ಧಿವಂತಿಕೆಯ ಕೆಲಸವನ್ನೇನೂ ಮಾಡುವುದಿಲ್ಲ. ವಹಿವಾಟುಗಳ ಒಂದು ಕಂತೆಗೆ ಬ್ಲಾಕು ಎನ್ನುತ್ತಾರೆ. ಅದರ ತಲೆಬರಹ 80 ಬೈಟ್‌ಗಳದ್ದು. ಆ ತಲೆಬರಹದಲ್ಲಿ ‘ನಾನ್ಸ್’ ಎಂಬ ಒಂದು ಸಂಖ್ಯೆಯನ್ನು ಬದಲಿಸುತ್ತಾ, ಪ್ರತಿ ಸಲವೂ ಇಡೀ ತಲೆಬರಹವನ್ನು ಶಾ-256 ಸೂತ್ರದಲ್ಲಿ ಎರಡು ಬಾರಿ ಹಾಯಿಸಿ, ಬಂದ ಉತ್ತರ ಜಾಲ ನಿಗದಿಪಡಿಸಿದ ಮಿತಿಗಿಂತ ಚಿಕ್ಕದೇ ಎಂದು ನೋಡುತ್ತದೆ. ಹೌದಾದರೆ ಬ್ಲಾಕು ಸಿಕ್ಕಿತು, ಪ್ರತಿಫಲವಾಗಿ ಹೊಸ ನಾಣ್ಯ. ಅಲ್ಲದಿದ್ದರೆ ಮತ್ತೆ ಬದಲಿಸುತ್ತದೆ. ‘ಹ್ಯಾಶ್’ ಎಂದು ಕರೆಯುವ ಈ ಪ್ರಯತ್ನ ಸೆಕೆಂಡಿಗೆ ಒಂದು ಲಕ್ಷ ಕೋಟಿ ಬಾರಿ ನಡೆದರೆ ಅದು ಒಂದು ಟೆರಾಹ್ಯಾಶ್ ವೇಗ.

ಬ್ಲಾಕುಗಳು ಸರಾಸರಿ ಹತ್ತು ನಿಮಿಷಕ್ಕೊಂದು ಬರಬೇಕು. ಅದಕ್ಕಾಗಿ ಜಾಲವು ಪ್ರತಿ 2,016 ಬ್ಲಾಕುಗಳಿಗೊಮ್ಮೆ, ಅಂದರೆ ಸುಮಾರು ಎರಡು ವಾರಕ್ಕೊಮ್ಮೆ, ಕಷ್ಟದ ಮಟ್ಟವನ್ನು ಹೊಂದಿಸಿಕೊಳ್ಳುತ್ತದೆ. ಜಗತ್ತಿನಲ್ಲಿ ಯಂತ್ರಗಳು ಎಷ್ಟೇ ಹೆಚ್ಚಿದರೂ ಹುಟ್ಟುವ ನಾಣ್ಯ ಹೆಚ್ಚುವುದಿಲ್ಲ, ಹಂಚಿಕೊಳ್ಳುವವರು ಹೆಚ್ಚುತ್ತಾರೆ ಅಷ್ಟೆ. 2024ರ ಏಪ್ರಿಲ್‌ನಿಂದ ಒಂದು ಬ್ಲಾಕಿಗೆ ಸಿಗುವ ಹೊಸ ನಾಣ್ಯ 3.125. ದಿನಕ್ಕೆ 144 ಬ್ಲಾಕುಗಳಾದರೆ ಇಡೀ ಜಗತ್ತಿಗೆ 450 ಬಿಟ್‌ಕಾಯಿನ್. ವಹಿವಾಟಿನ ಶುಲ್ಕ ಇದಕ್ಕೆ ಒಂದಿಷ್ಟು ಸೇರುತ್ತದೆ. ಸದ್ಯಕ್ಕೆ ಅದನ್ನು ಬಿಡೋಣ.

ಕಾಗದ ತೆಗೆದುಕೊಳ್ಳಿ

ಜಾಲದ ಒಟ್ಟು ವೇಗ 2025ರಲ್ಲಿ ಒಂದು ಝೆಟಾಹ್ಯಾಶ್‌ನ ಆಸುಪಾಸಿಗೆ ಬಂತು. ಅದು ನೂರು ಕೋಟಿ ಟೆರಾಹ್ಯಾಶ್. 450 ಬಿಟ್‌ಕಾಯಿನ್ನನ್ನು ಇದರಿಂದ ಭಾಗಿಸಿದರೆ ಒಂದು ಟೆರಾಹ್ಯಾಶ್‌ಗೆ ದಿನಕ್ಕೆ 45 ಸತೋಶಿ ಬರುತ್ತದೆ. ಸತೋಶಿ ಎಂದರೆ ಬಿಟ್‌ಕಾಯಿನ್ನಿನ ಹತ್ತು ಕೋಟಿ ಪಾಲಿನಲ್ಲಿ ಒಂದು. ನೀವು ಲೆಕ್ಕ ಹಾಕುವ ದಿನ ಜಾಲದ ವೇಗ ಬೇರೆ ಇರುತ್ತದೆ. ವೇಗ ಎರಡು ಪಟ್ಟಾದರೆ 45 ಎಂಬುದು 22.5 ಆಗುತ್ತದೆ ಎಂಬುದು ನೆನಪಿರಲಿ.

ಇನ್ನು ಮೂರು ಯಂತ್ರಗಳನ್ನು ಇದೇ ಅಳತೆಯಲ್ಲಿ ತೂಗೋಣ. 2016ರ ಆಂಟ್‌ಮೈನರ್ ಎಸ್9 ಹಳೆಯ ಮಾರುಕಟ್ಟೆಯಲ್ಲಿ ಅಗ್ಗವೆಂದು ಕಣ್ಣಿಗೆ ಬೀಳುವ ಯಂತ್ರ. ವೇಗ 13.5 ಟೆರಾಹ್ಯಾಶ್, ಬಳಕೆ ಸುಮಾರು 1,350 ವ್ಯಾಟ್. ದಿನಕ್ಕೆ 607 ಸತೋಶಿ ಗಳಿಸಿ 32 ಯುನಿಟ್ ನುಂಗುತ್ತದೆ. ಯುನಿಟ್ಟಿಗೆ 19 ಸತೋಶಿ. ದೊಡ್ಡ ಗಣಿಗಳಲ್ಲಿ ಓಡುವ ಎಸ್21ರ ವೇಗ 200 ಟೆರಾಹ್ಯಾಶ್, ಬಳಕೆ 3,500 ವ್ಯಾಟ್. ಯುನಿಟ್ಟಿಗೆ 107 ಸತೋಶಿ. ಅಂಗೈಯಲ್ಲಿ ಹಿಡಿಯುವ ಬಿಟ್‌ಆಕ್ಸ್ ಗ್ಯಾಮಾ ಎಂಬ ಬೋರ್ಡಿನ ವೇಗ ಸುಮಾರು 1.2 ಟೆರಾಹ್ಯಾಶ್, ಬಳಕೆ 18 ವ್ಯಾಟ್. ಯುನಿಟ್ಟಿಗೆ 125 ಸತೋಶಿ.

ಪುಟ್ಟ ಬೋರ್ಡು ಗೆದ್ದಿತು ಎಂದು ಹಿಗ್ಗಬೇಡಿ. ಅದರ ಇಡೀ ದಿನದ ದುಡಿಮೆ 54 ಸತೋಶಿ. ನಿಮ್ಮ ವಿದ್ಯುತ್ ದರವನ್ನು ಅಂದಿನ ಬೆಲೆಯಲ್ಲಿ ಸತೋಶಿಗೆ ಪರಿವರ್ತಿಸಿ ಈ ಸಂಖ್ಯೆಗಳ ಪಕ್ಕದಲ್ಲಿ ಬರೆಯಿರಿ. ದರ ಮೇಲಿದ್ದರೆ ಯಂತ್ರ ಓಡಿದಷ್ಟೂ ನಷ್ಟ. ದರ ಕೆಳಗಿದ್ದರೂ ಯಂತ್ರದ ಬೆಲೆ ಮರಳಿ ಬರಲು ಎಷ್ಟು ದಿನ ಬೇಕೆಂದು ಭಾಗಿಸಿ ನೋಡಿ. ಬಹುತೇಕ ಮನೆಗಳಲ್ಲಿ ಉತ್ತರ ಒಂದೇ: ಕಲಿಯಲಿಕ್ಕೆ ಕೊಳ್ಳಿ, ಗಳಿಸಲಿಕ್ಕೆ ಬೇಡ. ಗಳಿಕೆಯೇ ಮುಖ್ಯವಾದರೆ ಯಂತ್ರದ ಹಣಕ್ಕೆ ನೇರವಾಗಿ ನಾಣ್ಯವನ್ನೇ ಕೊಳ್ಳುವುದು ಹೆಚ್ಚು ಪ್ರಾಮಾಣಿಕ ಜೂಜು.

ಏನೂ ಕೊಳ್ಳದೆ ಶುರು ಮಾಡಲು

ಮನೆಯಲ್ಲಿ ಡೆಸ್ಕ್‌ಟಾಪ್ ಕಂಪ್ಯೂಟರ್ ಇದ್ದರೆ ಮೊನೆರೊ ನಾಣ್ಯದಿಂದ ಕೈ ಪಳಗಿಸಿಕೊಳ್ಳಬಹುದು. 2019ರ ನವೆಂಬರ್‌ನಿಂದ ಅದು ಬಳಸುತ್ತಿರುವ ರ್‍ಯಾಂಡಮ್‌ಎಕ್ಸ್ ವಿಧಾನ ಸಾಮಾನ್ಯ ಪ್ರೊಸೆಸರ್‌ಗಳಿಗೆಂದೇ ಹೊಂದಿಸಿದ್ದು. ಎರಡು ಗಿಗಾಬೈಟ್‌ಗಿಂತ ಸ್ವಲ್ಪ ಹೆಚ್ಚು ಮೆಮೊರಿ ಬೇಡುತ್ತದೆ. ಎಕ್ಸ್‌ಎಂರಿಗ್ ಎಂಬ ತಂತ್ರಾಂಶವನ್ನು ಅದರ ಮೂಲ ತಾಣದಿಂದಲೇ ಇಳಿಸಿಕೊಳ್ಳಿ. ಆಂಟಿವೈರಸ್ ತಕ್ಷಣ ಕೂಗಿಕೊಳ್ಳುತ್ತದೆ, ಗಾಬರಿ ಬೇಡ. ಇದೇ ತಂತ್ರಾಂಶವನ್ನು ಇತರರ ಕಂಪ್ಯೂಟರಿಗೆ ಕದ್ದು ತೂರಿಸುವವರು ಬಹಳ ಮಂದಿ, ಅದಕ್ಕೇ ಈ ಕೂಗು. ಕಚೇರಿಯ ಕಂಪ್ಯೂಟರಿನಲ್ಲಿ ಇದನ್ನು ಓಡಿಸುವುದು ಕೆಲಸ ಕಳೆದುಕೊಳ್ಳುವ ದಾರಿ. ಲ್ಯಾಪ್‌ಟಾಪ್‌ನಲ್ಲೂ ಬೇಡ. ಅದರ ಪುಟ್ಟ ಫ್ಯಾನು ಹಗಲಿರುಳು ಪೂರ್ಣ ವೇಗದಲ್ಲಿ ತಿರುಗಲು ಮಾಡಿದ್ದಲ್ಲ.

ಗ್ರಾಫಿಕ್ಸ್ ಕಾರ್ಡುಗಳನ್ನು ಚೌಕಟ್ಟಿಗೆ ಸಾಲಾಗಿ ತೂಗುಹಾಕಿದ ಚಿತ್ರ ನೋಡಿ ಆಸೆಪಟ್ಟವರಿಗೆ ಒಂದೇ ಮಾತು: ಆ ಕಾರ್ಡುಗಳು ಮುಖ್ಯವಾಗಿ ದುಡಿಯುತ್ತಿದ್ದುದು ಇಥೀರಿಯಂ ನಾಣ್ಯಕ್ಕೆ, 2022ರ ಸೆಪ್ಟೆಂಬರ್ 15ರಂದು ಅದು ಮೈನಿಂಗ್ ಪದ್ಧತಿಯನ್ನೇ ಕೈಬಿಟ್ಟಿತು. ಆ ಕಾಲ ಮುಗಿಯಿತು.

ಪುಟ್ಟ ಬೋರ್ಡಿನ ಜೋಡಣೆ

ಹವ್ಯಾಸಿಗೆ ನಾನು ಧೈರ್ಯವಾಗಿ ಹೇಳುವ ದಾರಿ ಬಿಟ್‌ಆಕ್ಸ್. ಇದರ ಬೋರ್ಡಿನ ನಕ್ಷೆ, ತಂತ್ರಾಂಶ ಎರಡೂ ಮುಕ್ತ. ಗ್ಯಾಮಾ ಮಾದರಿಯಲ್ಲಿರುವುದು ಎಸ್21 ಪ್ರೊದಲ್ಲಿ ಬಳಸುವ ಬಿಎಂ1370 ಚಿಪ್, ಒಂದೇ ಒಂದು. ಅದನ್ನು ನಡೆಸುವುದು ಇಎಸ್‌ಪಿ32 ಎಂಬ ಮೈಕ್ರೊಕಂಟ್ರೋಲರ್. ಇದಕ್ಕಿಂತ ಅಗ್ಗವಾಗಿ ಸಿಗುವ ನರ್ಡ್‌ಮೈನರ್‌ನಲ್ಲಿ ಮೈನಿಂಗ್ ಚಿಪ್ ಇರುವುದಿಲ್ಲ, ಇಎಸ್‌ಪಿ32 ಒಂದೇ ಹೆಣಗಾಡುತ್ತದೆ. ಸೆಕೆಂಡಿಗೆ ಕೆಲವು ಲಕ್ಷ ಹ್ಯಾಶ್ ಮಾಡುವ ಅದನ್ನು ಅಂದದ ಗಡಿಯಾರವೆಂದು ತಿಳಿದು ಕೊಂಡರೆ ನಿರಾಶೆಯಿಲ್ಲ.

ನಕ್ಷೆ ಮುಕ್ತವಾಗಿದೆ ಎಂದು ಖಾಲಿ ಬೋರ್ಡು ತರಿಸಿ ಚಿಪ್ ಬೆಸೆಯಲು ಮೊದಲ ಯತ್ನದಲ್ಲೇ ಕೂರಬೇಡಿ. ಚಿಪ್ಪಿನ ಕಾಲುಗಳೆಲ್ಲ ಹೊಟ್ಟೆಯ ಕೆಳಗಿವೆ. ಬೆಸುಗೆ ಪೇಸ್ಟನ್ನು ಅಚ್ಚಿನ ಹಾಳೆಯಿಂದ ಸಮನಾಗಿ ಸವರಿ, ಬಿಸಿ ತಟ್ಟೆಯ ಮೇಲೆ ಕರಗಿಸಬೇಕು. ಅನುಭವಿಗಳ ಕೈಯಲ್ಲೂ ಚಿಪ್ ಹಾಳಾಗುವ ಕೆಲಸ ಇದು. ಚಿಪ್ ಕೂರಿಸಿ ಪರೀಕ್ಷಿಸಿದ ಬೋರ್ಡು ಕೊಂಡು, ಹೀಟ್‌ಸಿಂಕ್, ಫ್ಯಾನ್, ಕಾಲು, ಕವಚಗಳನ್ನು ನೀವೇ ಜೋಡಿಸಿ.

ಥರ್ಮಲ್ ಪೇಸ್ಟ್ ತೆಳುವಾದ ಪದರವಾಗಿ ಚಿಪ್ಪಿನ ಮೇಲ್ಮೈಯನ್ನು ಪೂರ್ತಿ ಮುಚ್ಚಬೇಕು. ದಪ್ಪವಾಗಿ ಮೆತ್ತಿದರೆ ಶಾಖ ತಡೆಯುವ ಗೋಡೆಯಾಗುತ್ತದೆ. ಹೀಟ್‌ಸಿಂಕಿನ ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಒಂದನ್ನೇ ಪೂರ್ತಿ ತಿರುಗಿಸಿದರೆ ಹೀಟ್‌ಸಿಂಕ್ ಓರೆಯಾಗಿ ಕೂತು ಚಿಪ್ಪಿನ ಅಂಚು ಸಿಡಿಯಬಹುದು. ಫ್ಯಾನಿನ ಗಾಳಿ ಹೀಟ್‌ಸಿಂಕಿನ ಕಡೆಗೆ ಬೀಸುವಂತಿರಲಿ. ಫ್ಯಾನಿನ ಪಕ್ಕದಲ್ಲಿ ಬಾಣದ ಗುರುತಿದ್ದರೆ ಅದನ್ನು ನೋಡಿಕೊಳ್ಳಿ.

ಇನ್ನು ಅಡಾಪ್ಟರ್. ಹೊಸಬರ ಬೋರ್ಡು ಸಾಯುವುದು ಇಲ್ಲಿ. ಗ್ಯಾಮಾಗೆ ಬೇಕಾದದ್ದು 5 ವೋಲ್ಟ್. ಮನೆಯ ರೂಟರಿನ 12 ವೋಲ್ಟ್ ಅಡಾಪ್ಟರಿನ ದುಂಡು ಪಿನ್ನು ಎಷ್ಟೋ ಸಲ ಅದೇ ತೂತಿಗೆ ಸಲೀಸಾಗಿ ಕೂರುತ್ತದೆ, ಚುಚ್ಚಿದ ಕ್ಷಣದಲ್ಲೇ ಬೋರ್ಡು ಸುಡುತ್ತದೆ. ಹಲವು ಚಿಪ್ಪುಗಳ ದೊಡ್ಡ ಮಾದರಿಗಳಲ್ಲಿ ಕೆಲವಕ್ಕೆ 12 ವೋಲ್ಟೇ ಬೇಕು. ಹಾಗಾಗಿ ನಿಮ್ಮ ಮಾದರಿಯ ವೋಲ್ಟೇಜನ್ನು ಓದಿ, ಅಡಾಪ್ಟರಿಗೆ ಒಂದು ಚೀಟಿ ಅಂಟಿಸಿಬಿಡಿ. ಕರೆಂಟ್ ಕನಿಷ್ಠ 5 ಆಂಪಿಯರ್ ಇರಲಿ. ಬೋರ್ಡಿನಲ್ಲಿರುವ ಯುಎಸ್‌ಬಿ-ಸಿ ಕಿಂಡಿ ತಂತ್ರಾಂಶ ಹಾಕಲಿಕ್ಕೆ. ಮೊಬೈಲ್ ಚಾರ್ಜರನ್ನು ಅಲ್ಲಿ ಚುಚ್ಚಿ ‘ಮೈನಿಂಗ್ ಆಗುತ್ತಿಲ್ಲ’ ಎಂದು ದೂರುವವರು ಕಡಿಮೆಯೇನಿಲ್ಲ.

ವಿದ್ಯುತ್ ಕೊಟ್ಟ ಮೇಲೆ ಬೋರ್ಡು ತನ್ನದೇ ವೈಫೈ ಹೆಸರನ್ನು ತೋರಿಸುತ್ತದೆ. ಮೊಬೈಲಿನಿಂದ ಅದಕ್ಕೆ ಸೇರಿ, ಬ್ರೌಸರಿನಲ್ಲಿ 192.168.4.1 ಎಂದು ಬರೆದರೆ ಸೆಟ್ಟಿಂಗ್ ಪುಟ ತೆರೆಯುತ್ತದೆ. ಮನೆಯ ವೈಫೈ ಹೆಸರು, ಗುಪ್ತಪದ ಕೊಡಿ. 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಇದಕ್ಕೆ ಹಿಡಿಯುತ್ತದೆ. ಆಮೇಲೆ ಪೂಲಿನ, ಅಂದರೆ ಹಲವರ ಯಂತ್ರಗಳಿಗೆ ಕೆಲಸ ಹಂಚುವ ಸರ್ವರಿನ, ವಿಳಾಸ, ಪೋರ್ಟ್ ಸಂಖ್ಯೆ. ಬಳಕೆದಾರರ ಹೆಸರಿನ ಜಾಗದಲ್ಲಿ ಒಂಟಿಯಾಗಿ ಮೈನಿಂಗ್ ಮಾಡುವವರಿಗಿರುವ ಬಹಳಷ್ಟು ‘ಸೋಲೊ’ ಪೂಲುಗಳಿಗೆ ನಿಮ್ಮ ಬಿಟ್‌ಕಾಯಿನ್ ವಿಳಾಸವನ್ನೇ ಕೊಡಬೇಕು. ಬೇಕಿದ್ದರೆ ಅದರ ಕೊನೆಗೆ ಚುಕ್ಕಿ ಇಟ್ಟು ಯಂತ್ರಕ್ಕೊಂದು ಹೆಸರು.

ಆ ವಿಳಾಸ ನಿಮ್ಮ ಸ್ವಂತ ವಾಲೆಟ್ಟಿನದಾಗಿರಲಿ, ಅಂದರೆ ನಾಣ್ಯದ ಕೀಲಿ ನಿಮ್ಮ ಕೈಯಲ್ಲೇ ಇರುವ ತಂತ್ರಾಂಶದ್ದು. ವಾಲೆಟ್ ಮಾಡುವಾಗ ಸಿಗುವ 12 ಅಥವಾ 24 ಪದಗಳನ್ನು ಕಾಗದದಲ್ಲಿ ಬರೆದಿಡಿ, ಫೋಟೊ ತೆಗೆಯಬೇಡಿ. ಅಂಟಿಸಿದ ವಿಳಾಸದ ಮೊದಲ ಆರು, ಕೊನೆಯ ಆರು ಅಕ್ಷರಗಳನ್ನು ಕಣ್ಣಿನಿಂದಲೇ ಹೋಲಿಸಿ. ನಕಲು ಮಾಡಿದ ವಿಳಾಸವನ್ನು ದಾರಿಯಲ್ಲೇ ಬದಲಿಸುವ ಕಿಡಿಗೇಡಿ ತಂತ್ರಾಂಶಗಳಿವೆ.

ಒಂಟಿಯೋ, ಗುಂಪೋ?

ಒಂಟಿಯಾಗಿ ಮೈನಿಂಗ್ ಮಾಡುವುದು ಲಾಟರಿ. ಮೇಲಿನ ಲೆಕ್ಕದಂತೆ 1.2 ಟೆರಾಹ್ಯಾಶ್ ಯಂತ್ರಕ್ಕೆ ಒಂದು ಬ್ಲಾಕು ಸಿಗುವುದು ಸರಾಸರಿ ಹದಿನಾರು ಸಾವಿರ ವರ್ಷಕ್ಕೊಮ್ಮೆ. ಆದರೂ ಇಂಥ ಪುಟ್ಟ ಯಂತ್ರಗಳಿಗೆ ಬ್ಲಾಕು ಸಿಕ್ಕಿದ್ದುಂಟು, ಸಿಕ್ಕಾಗ 3.125 ಬಿಟ್‌ಕಾಯಿನ್ನಿನಲ್ಲಿ ಪೂಲಿನ ಅಲ್ಪ ಶುಲ್ಕ ಕಳೆದು ಉಳಿದದ್ದೆಲ್ಲ ಒಬ್ಬರದೇ. ಸಾಮಾನ್ಯ ಪೂಲಿನಲ್ಲಿ ಎಲ್ಲರ ಶ್ರಮ ಸೇರಿಸಿ ಹಂಚುತ್ತಾರೆ. ಅಲ್ಲಿ ನೋಡಬೇಕಾದದ್ದು ಕನಿಷ್ಠ ಪಾವತಿಯ ಮಿತಿ. ಮಿತಿ ಐದು ಸಾವಿರ ಸತೋಶಿ ಎಂದಿದ್ದರೆ ಗ್ಯಾಮಾಗೆ ಮೂರು ತಿಂಗಳು ಹಿಡಿಯುತ್ತದೆ, ಐದು ಲಕ್ಷವೆಂದಿದ್ದರೆ ಇಪ್ಪತ್ತೈದು ವರ್ಷ! ಲೈಟ್ನಿಂಗ್ ಜಾಲದ ಮೂಲಕ ಚಿಲ್ಲರೆ ಮೊತ್ತ ಕಳಿಸುವ ಪೂಲುಗಳಿವೆ, ಪುಟ್ಟ ಯಂತ್ರಕ್ಕೆ ಅವೇ ಸರಿ. ನನ್ನನ್ನು ಕೇಳಿದರೆ, 54 ಸತೋಶಿ ಎಣಿಸುವುದಕ್ಕಿಂತ ಸೋಲೊ ಹೆಚ್ಚು ಮಜಾ.

ಹಳೆಯ ದೊಡ್ಡ ಯಂತ್ರವೇ ಬೇಕೆಂದರೆ

ಎಸ್9ರಂಥ ಯಂತ್ರಕ್ಕೆ ಒಂದು ಸಮರ್ಥನೆಯುಂಟು. ಅದು ಬಳಸುವ ವಿದ್ಯುತ್ತೆಲ್ಲ ಶಾಖವಾಗಿಯೇ ಹೊರಬರುತ್ತದೆ. ಚಳಿಗೆ ಹೇಗೂ ವಿದ್ಯುತ್ ಹೀಟರ್ ಉರಿಸುವವರಿಗೆ ಅಷ್ಟೇ ವ್ಯಾಟಿನ ಹೀಟರ್ ಬದಲು ಇದನ್ನು ಓಡಿಸಿದರೆ ಸತೋಶಿಗಳು ಉಚಿತ. ಆದರೆ ಸದ್ದು 70 ಡೆಸಿಬಲ್ ಮೀರುತ್ತದೆ, ಅದೇ ಕೋಣೆಯಲ್ಲಿ ಮಾತು ಕೇಳಿಸುವುದು ಕಷ್ಟ. ಬೇಸಿಗೆಯಲ್ಲಿ ಇದೇ ಶಾಖ ಶಾಪ.

ಕೊಳ್ಳುವ ಮೊದಲು ಓಡಿಸಿ ತೋರಿಸಲು ಹೇಳಿ. ಯಂತ್ರದ ಸ್ಥಿತಿ ಪುಟದಲ್ಲಿ ಮೂರು ಹ್ಯಾಶ್‌ಬೋರ್ಡುಗಳ ಮೂರು ಸಾಲುಗಳಿರುತ್ತವೆ. ಪ್ರತಿ ಸಾಲಿನಲ್ಲಿ 63 ಚಿಪ್ಪುಗಳು ಕಾಣಬೇಕು. ಆರೋಗ್ಯದ ಚಿಪ್ಪಿಗೆ ಇಂಗ್ಲಿಷಿನ ‘ಒ’, ಕೆಟ್ಟದ್ದಕ್ಕೆ ‘ಎಕ್ಸ್’. ಸಾಲೇ ಇಲ್ಲದಿದ್ದರೆ ಒಂದು ಬೋರ್ಡು ಸತ್ತಿದೆ, ಬೆಲೆ ಮೂರನೇ ಒಂದು ಪಾಲು ಇಳಿಯಬೇಕು. ಐದು ನಿಮಿಷದ ಪ್ರದರ್ಶನ ಸಾಲದು. ಬಿಸಿಯಾದ ಮೇಲೆ ಉದುರುವ ಬೋರ್ಡುಗಳಿರುತ್ತವೆ, ಒಂದು ಗಂಟೆಯಾದರೂ ಓಡಲಿ. ಮನೆಗೆ ತಂದ ತಕ್ಷಣ ಅದರ ತಂತ್ರಾಂಶವನ್ನು ಹೊಸದಾಗಿ ಹಾಕಿ, ಗುಪ್ತಪದ ಬದಲಿಸಿ. ಹಿಂದಿನವರು ನಿಮ್ಮ ದುಡಿಮೆಯ ಪಾಲನ್ನು ತಮ್ಮ ವಿಳಾಸಕ್ಕೆ ತಿರುಗಿಸುವ ತಂತ್ರಾಂಶ ಬಿಟ್ಟುಹೋಗಿರಬಹುದು.

ವೈರಿಂಗ್ ವಿಷಯದಲ್ಲಿ ಎಲೆಕ್ಟ್ರಿಷಿಯನ್ ಮಾತೇ ಅಂತಿಮ. 230 ವೋಲ್ಟಿನಲ್ಲಿ ಎಸ್9 ಸುಮಾರು 6 ಆಂಪಿಯರ್, ಎಸ್21 ಸುಮಾರು 15 ಆಂಪಿಯರ್ ಎಳೆಯುತ್ತದೆ, ಅದೂ ಬಿಡುವಿಲ್ಲದೆ. 16 ಆಂಪಿಯರ್ ಎಂದು ಬರೆದ ಸಾಕೆಟ್ ದಿನವಿಡೀ 15 ಆಂಪಿಯರ್ ಹೊತ್ತರೆ ಕರಗತೊಡಗಬಹುದು. ಸಾಮರ್ಥ್ಯದ ಶೇ 80ರೊಳಗೆ ಇರಿ. ಎಕ್ಸ್‌ಟೆನ್ಷನ್ ಬೋರ್ಡು ಖಂಡಿತ ಬೇಡ. ಎಸ್9ರ ವಿದ್ಯುತ್ ಕನೆಕ್ಟರುಗಳು ಹತ್ತು: ಬೋರ್ಡಿಗೆ ಮೂರರಂತೆ ಒಂಬತ್ತು, ನಿಯಂತ್ರಣ ಫಲಕಕ್ಕೆ ಒಂದು. ಹತ್ತನ್ನೂ ಒತ್ತಿ ಕೂರಿಸಿದ ಮೇಲೆಯೇ ಸ್ವಿಚ್ ಹಾಕಿ.

ಯಂತ್ರವೇ ಇಲ್ಲದೆ ‘ಕ್ಲೌಡ್ ಮೈನಿಂಗ್’, ಮೊಬೈಲಿನಲ್ಲಿ ಬಿಟ್‌ಕಾಯಿನ್ ಗಣಿ ಎಂದೆಲ್ಲ ಹೇಳಿ ಹಣ ಕೇಳುವವರ ಕಡೆ ತಲೆ ಹಾಕಬೇಡಿ. ದಿನಕ್ಕೆ ಇಷ್ಟು ಖಚಿತ ಎಂದು ಹೇಳಿದರಂತೂ ಅಲ್ಲಿಗೇ ಮಾತು ನಿಲ್ಲಿಸಿ. ಜಾಲದ ಕಷ್ಟದ ಮಟ್ಟ ಎರಡು ವಾರಕ್ಕೊಮ್ಮೆ ಬದಲಾಗುವಾಗ ಖಚಿತ ಗಳಿಕೆ ಎಂಬುದೇ ಇಲ್ಲ. ಮೈನಿಂಗ್ ನಿಮ್ಮಲ್ಲಿ ಕಾನೂನುಬದ್ಧವೇ, ಬಂದ ನಾಣ್ಯಕ್ಕೆ ತೆರಿಗೆ ಹೇಗೆ ಎಂದು ಮೊದಲೇ ತಿಳಿದುಕೊಂಡು, ಪಾವತಿ ಬಂದ ದಿನದ ಬೆಲೆಯನ್ನು ಬರೆದಿಡುತ್ತಾ ಹೋಗಿ.

ಮೊದಲ ದಿನದ ಬಳಿಕ

ಯಂತ್ರ ತನ್ನ ಪರದೆಯಲ್ಲಿ ತೋರಿಸುವ ವೇಗವನ್ನು ನಂಬುವ ಬದಲು ಪೂಲು ತೋರಿಸುವ 24 ಗಂಟೆಗಳ ಸರಾಸರಿಯನ್ನು ನೋಡಿ. ಪುಟ್ಟ ಯಂತ್ರಗಳಲ್ಲಿ ಗಂಟೆಯ ಸರಾಸರಿ ವಿಪರೀತ ಏರಿಳಿಯುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ದಿನದ ಸರಾಸರಿಯಲ್ಲೂ ಯಂತ್ರದ ನಿಗದಿತ ವೇಗಕ್ಕೆ ಹತ್ತನೇ ಒಂದು ಪಾಲಿಗಿಂತ ದೊಡ್ಡ ಕೊರತೆ ಪದೇಪದೇ ಬಂದರೆ ಮೊದಲು ಚಿಪ್ಪಿನ ತಾಪ ನೋಡಿ: 65 ಡಿಗ್ರಿ ಮೀರಿದ್ದರೆ ಪೇಸ್ಟ್ ಅಥವಾ ಫ್ಯಾನ್ ತಪ್ಪಾಗಿದೆ. ತಾಪ ಸರಿಯಿದ್ದರೆ ಅಡಾಪ್ಟರಿನ ವೋಲ್ಟೇಜ್ ಅಳೆಯಿರಿ, ಹೊರೆ ಬಿದ್ದಾಗ ಅದು 5ಕ್ಕಿಂತ ತೀರಾ ಕೆಳಗೆ ಕುಸಿಯುತ್ತಿರಬಹುದು. ಅದೂ ಸರಿಯಿದ್ದರೆ ಬೋರ್ಡನ್ನು ರೂಟರಿನ ಹತ್ತಿರ ತಂದಿಡಿ. ಈ ಮೂರೂ ಮುಗಿಯುವವರೆಗೆ ಫ್ರೀಕ್ವೆನ್ಸಿ ಏರಿಸುವ ಸೆಟ್ಟಿಂಗಿಗೆ ಕೈ ಹಾಕಬೇಡಿ.