ಕೆಲಸಕ್ಕೆ ಕೂರುವ ಮುನ್ನ, ಕೆಲಸ ನಿಂತಾಗ: ಕಲಾವಿದರಿಗೊಂದು ಪ್ರಾರ್ಥನಾಕ್ರಮ

ಬೈಬಲಿನ ವಿಮೋಚನಕಾಂಡದ 31ನೆಯ ಅಧ್ಯಾಯದಲ್ಲಿ ದೇವರು ಬೆಚಲೇಲನೆಂಬ ಕುಶಲಕರ್ಮಿಯನ್ನು ಹೆಸರು ಹಿಡಿದು ಕರೆಯುತ್ತಾನೆ. ಅವನಲ್ಲಿ ದೇವರಾತ್ಮವನ್ನು ತುಂಬಿ, ಲೋಹದ ಕೆಲಸ, ರತ್ನಗಳ ಕೆತ್ತನೆ, ಮರಗೆಲಸ ಇವುಗಳಿಗೆ ಬೇಕಾದ ಜ್ಞಾನವನ್ನೂ ವಿವೇಕವನ್ನೂ ಕೊಡುತ್ತಾನೆ. ಬೆಚಲೇಲನಿಗೆ ದೊರೆತದ್ದು ಕಲ್ಪಿಸುವ ಮತ್ತು ಮಾಡುವ ಸಾಮರ್ಥ್ಯವೇ ಹೊರತು ಸಿದ್ಧವಾದ ಕೃತಿಯಲ್ಲ. ಶ್ರಮವೆಲ್ಲ ಅವನಿಗೇ ಉಳಿದಿತ್ತು. ಬರೆಯುವವರು, ಚಿತ್ರಿಸುವವರು, ಹಾಡುವವರು ಪ್ರಾರ್ಥನೆಯನ್ನು ತಮ್ಮ ಕೆಲಸದ ಜೊತೆಗಿಟ್ಟುಕೊಳ್ಳಬೇಕೆಂದಿದ್ದರೆ ಈ ವ್ಯತ್ಯಾಸವನ್ನು ಮೊದಲಿಗೇ ಮನಸ್ಸಿಗೆ ತಂದುಕೊಳ್ಳುವುದು ಒಳ್ಳೆಯದು. ಹೊಸ ಹೊಳಹನ್ನು ಬೇಡಿ ಕಾಯುತ್ತ ಕುಳಿತವರು ಅದು ಬಾರದ ದಿನ ಪ್ರಾರ್ಥನೆಯನ್ನೇ ಬಿಟ್ಟುಬಿಡುತ್ತಾರೆ. ನೋಡುವ ಕಣ್ಣನ್ನೂ ತಾಳುವ ಮನಸ್ಸನ್ನೂ ಬೇಡಿದವರಿಗೆ ಆ ದಿನವೂ ಮಾಡಲು ಕೆಲಸವಿರುತ್ತದೆ.

ಕೆಲಸಕ್ಕೆ ಕೂರುವ ಮುನ್ನ ಹತ್ತು ನಿಮಿಷ ಸಾಕು. ದಿನವೂ ಕೆಲಸ ಮಾಡುವ ಜಾಗದಲ್ಲೇ, ಸಲಕರಣೆಗಳು ಎದುರಿಗಿರುವಂತೆಯೇ ಕುಳಿತು, ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಮೊದಲ ಎರಡು ಮೂರು ನಿಮಿಷ ಏನನ್ನೂ ಹೇಳದೆ ಸುಮ್ಮನಿರಿ. ಆಮೇಲೆ ಪ್ರಭು ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯನ್ನು ನಿಧಾನವಾಗಿ ಹೇಳಿ, ಅಂದಿನ ಕೆಲಸವನ್ನು ದೇವರ ಮುಂದೆ ಹೆಸರಿಸಿ. "ನನ್ನ ಕಲೆಯನ್ನು ಆಶೀರ್ವದಿಸು" ಎಂಬ ಮಾತು ತೀರ ಸಡಿಲ. "ಈ ಮುಖದ ನೆರಳು ನನ್ನ ಹಿಡಿತಕ್ಕೆ ಸಿಗುತ್ತಿಲ್ಲ, ಅವಸರಪಡದೆ ನೋಡುವಂತೆ ಮಾಡು" ಎಂದರೆ ಬೇಡಿಕೆಯೂ ಸ್ಪಷ್ಟ, ಅಂದಿನ ಕೆಲಸವೂ ಸ್ಪಷ್ಟ. ಸ್ವಂತ ಮಾತು ಹೊರಡದಿದ್ದರೆ ಬೈಬಲಿನ 90ನೆಯ ಕೀರ್ತನೆಯ ಕೊನೆಯ ವಚನ ಇದೆ: ನಮ್ಮ ಕೈಕೆಲಸವನ್ನು ಸ್ಥಿರಪಡಿಸು ಎಂಬುದು ಅದರ ಬೇಡಿಕೆ. ಜರ್ಮನ್ ಸಂಗೀತ ರಚನಕಾರ ಯೋಹಾನ್ ಸೆಬಾಸ್ಟಿಯನ್ ಬಾಖ್ (1685–1750) ತನ್ನ ಅನೇಕ ಹಸ್ತಪ್ರತಿಗಳ ತಲೆಯಲ್ಲಿ "ಯೇಸುವೇ, ಸಹಾಯ ಮಾಡು" ಎಂಬರ್ಥದ ಲ್ಯಾಟಿನ್ ಮಾತಿನ ಎರಡು ಮೊದಲಕ್ಷರಗಳನ್ನು ಬರೆಯುತ್ತಿದ್ದ. ಹಾಳೆಯ ಮೂಲೆಯಲ್ಲಿ ಇಂಥದೊಂದು ಗುರುತು ಹಾಕುವ ರೂಢಿ, ಪ್ರಾರ್ಥನೆ ಮುಗಿದು ಕೆಲಸ ಶುರುವಾಯಿತೆಂಬ ಗೆರೆಯನ್ನೇ ಅಳಿಸಿಹಾಕುತ್ತದೆ.

ವಾರಕ್ಕೆ ಒಂದೆರಡು ದಿನ ಸಮಯ ಹೆಚ್ಚಿದ್ದರೆ ಪವಿತ್ರ ವಾಚನವನ್ನು, ಅಂದರೆ ಬೈಬಲಿನ ಒಂದು ಸಣ್ಣ ಭಾಗವನ್ನು ಪ್ರಾರ್ಥನೆಯಾಗಿ ನಿಧಾನವಾಗಿ ಓದುವುದನ್ನು, ರೂಢಿಸಿಕೊಳ್ಳಬಹುದು. 12ನೆಯ ಶತಮಾನದ ಕಾರ್ತೂಸಿಯನ್ ಎಂಬ ಕ್ರೈಸ್ತ ಮಠಪಂಥದ ಸಂನ್ಯಾಸಿ ಎರಡನೆಯ ಗ್ವೀಗೊ ಇದನ್ನು ಓದು, ಮನನ, ಪ್ರಾರ್ಥನೆ, ಧ್ಯಾನ ಎಂಬ ನಾಲ್ಕು ಮೆಟ್ಟಿಲುಗಳಾಗಿ ವಿವರಿಸಿದ್ದಾನೆ. ಹತ್ತು ಹದಿನೈದು ವಚನಗಳಿಗಿಂತ ಹೆಚ್ಚು ಓದಬೇಡಿ. ಮನಸ್ಸು ತಡೆದು ನಿಂತ ಪದದ ಬಳಿಯೇ ಉಳಿಯಿರಿ. ಕಲಾವಿದರಿಗೆ ಇಲ್ಲೊಂದು ಅಪಾಯವಿದೆ, ಮತ್ತು ಅದು ಬೇರೆಯವರಿಗೆ ಅಷ್ಟಾಗಿ ಇರುವುದಿಲ್ಲ: ಓದಿದ್ದೆಲ್ಲವೂ ಕೂಡಲೇ ಕಚ್ಚಾವಸ್ತುವಾಗಿಬಿಡುತ್ತದೆ. ಯೋಹಾನನ ಸುವಾರ್ತೆಯಲ್ಲಿ ನೀರು ಸೇದಲು ಬಾವಿಗೆ ಬಂದ ಸಮಾರ್ಯದ ಹೆಂಗಸು ನಿಮ್ಮೊಡನೆ ಮಾತಾಡುವ ಮೊದಲೇ ನಿಮ್ಮ ಮುಂದಿನ ಚಿತ್ರದ ರೂಪದರ್ಶಿಯಾಗಿರುತ್ತಾಳೆ. ಆದ್ದರಿಂದ ವಾಚನದ ಹೊತ್ತಿನಲ್ಲಿ ಟಿಪ್ಪಣಿ ಪುಸ್ತಕವನ್ನು ಕೈಗೆಟುಕದಂತೆ ಇಡಿ. ನಿಜವಾಗಿ ಮನಸ್ಸಿಗೆ ನಾಟಿದ್ದು ಅರ್ಧ ಗಂಟೆಯ ನಂತರವೂ ನೆನಪಿರುತ್ತದೆ.

ಕೆಲಸ ನಿಂತುಹೋದಾಗ ಏನು ಮಾಡಬೇಕೆಂಬುದು ಇದಕ್ಕಿಂತ ಕಠಿಣವಾದ ಪ್ರಶ್ನೆ. ತಿಂಗಳುಗಟ್ಟಲೆ ಒಂದು ಸಾಲೂ ಹುಟ್ಟದಿರುವಾಗ ಸ್ತುತಿಗೀತೆಗಳನ್ನೇ ಬಲವಂತವಾಗಿ ಹೇಳುವುದು ಪ್ರಾಮಾಣಿಕವಲ್ಲ. ಅದರ ಅಗತ್ಯವೂ ಇಲ್ಲ, ಏಕೆಂದರೆ 150 ಕೀರ್ತನೆಗಳಲ್ಲಿ ಬಹಳಷ್ಟು ದೂರು, ಗೋಳು, ಪ್ರಶ್ನೆಗಳೇ. 13ನೆಯ ಕೀರ್ತನೆ "ಎಷ್ಟರ ತನಕ" ಎಂದು ಮತ್ತೆ ಮತ್ತೆ ಕೇಳಿ, ಆರೇ ವಚನಗಳಲ್ಲಿ ಭರವಸೆಗೆ ಬಂದು ನಿಲ್ಲುತ್ತದೆ. 88ನೆಯದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಸಮಾಧಾನದ ಸಾಲನ್ನು ಕೊನೆಗೆ ಅಂಟಿಸುವುದಿಲ್ಲ. ಈ ಎರಡನ್ನೂ ಗಟ್ಟಿಯಾಗಿ ಓದಿ, ನಿಮ್ಮದೇ ಒಂದು ಪ್ರಲಾಪವನ್ನು ಬರೆಯಿರಿ: ದೇವರನ್ನು ಸಂಬೋಧಿಸಿ, ದೂರನ್ನು ಮುಚ್ಚುಮರೆಯಿಲ್ಲದೆ ಹೇಳಿ, ಬೇಕಾದದ್ದನ್ನು ಕೇಳಿ, ನಂಬಿಕೆಯ ಮಾತು ತಾನಾಗಿ ಬಂದರೆ ಮಾತ್ರ ಸೇರಿಸಿ. ಇದನ್ನು ಕೃತಿಯೆಂದು ತಿದ್ದಬೇಡಿ, ಯಾರಿಗೂ ತೋರಿಸಬೇಡಿ. ಬರೆಯಲೂ ಆಗದಷ್ಟು ಬಳಲಿದವರಿಗೆ ನಡಿಗೆಯೂ ಜಪಮಾಲೆಯೂ ಇವೆ. ಸಂಗೀತ ಕೂಡಿಬರದಾಗ ಜಪಮಾಲೆ ಹಿಡಿದು ಕೋಣೆಯಲ್ಲಿ ಅತ್ತಿಂದಿತ್ತ ನಡೆದಾಡುತ್ತಿದ್ದೆನೆಂದು ಸಂಗೀತ ರಚನಕಾರ ಹೈಡನ್ ಹೇಳಿದ್ದನ್ನು ಅವನ ಕಾಲದ ಜೀವನಚರಿತ್ರಕಾರರೇ ದಾಖಲಿಸಿದ್ದಾರೆ. ನಿದ್ರೆ, ಹಸಿವು, ಬದುಕುವ ಆಸೆ ಇವು ಕೂಡ ಕುಗ್ಗುತ್ತಿದ್ದರೆ ವೈದ್ಯರನ್ನು ಕಾಣಿರಿ. ಪ್ರಾರ್ಥನೆ ಅದಕ್ಕೆ ಬದಲಿಯಲ್ಲ.

ಕೆಲಸ ಚೆನ್ನಾಗಿ ಸಾಗುವಾಗಲೂ ತೊಡಕಿಲ್ಲದೆ ಇಲ್ಲ. 6ನೆಯ ಶತಮಾನದ ಸಂತ ಬೆನೆಡಿಕ್ಟನ ಮಠನಿಯಮದ 57ನೆಯ ಅಧ್ಯಾಯ, ತನ್ನ ಕುಶಲತೆಯಿಂದ ಬೀಗುವ ಕಸುಬುದಾರನನ್ನು ಆ ಕಸುಬಿನಿಂದಲೇ ಬಿಡಿಸಬೇಕೆನ್ನುತ್ತದೆ. ಇದು ನನಗೆ ಕೊಂಚ ಕಟುವಾಗಿ ಕಾಣುತ್ತದೆ, ಆದರೆ ರೋಗವನ್ನು ಬೆನೆಡಿಕ್ಟ್ ಸರಿಯಾಗಿಯೇ ಗುರುತಿಸಿದ್ದಾನೆ. ನಿಮ್ಮ ಹೊಟ್ಟೆಕಿಚ್ಚಿಗೆ ಕಾರಣರಾದ ಕಲಾವಿದರೊಬ್ಬರನ್ನು ಹೆಸರು ಹೇಳಿ, ಅವರ ಕೆಲಸ ಸಫಲವಾಗಲೆಂದು ದಿನವೂ ಪ್ರಾರ್ಥಿಸಿ. ಮೊದಲ ವಾರ ಅದು ಬರಿಯ ತುಟಿಮಾತಾಗಿದ್ದರೂ ಚಿಂತೆಯಿಲ್ಲ.

ದಿನದ ಕೊನೆಗೆ ಐದು ನಿಮಿಷದ ಆತ್ಮಪರಿಶೋಧನೆ ಸಾಕು. ಜೆಸುಯಿಟ್ ಎಂಬ ಕ್ರೈಸ್ತ ಸಂನ್ಯಾಸಿ ಸಂಘದ ಸ್ಥಾಪಕ ಇಗ್ನೇಷಿಯಸ್ ಲೊಯೋಲ ಕಲಿಸಿದ ಕ್ರಮ ಕೃತಜ್ಞತೆಯಿಂದ ಆರಂಭವಾಗುತ್ತದೆಂಬುದನ್ನು ಮರೆಯಬೇಡಿ. ಇಂದು ಏನು ಕೈಹತ್ತಿತು, ಎಲ್ಲಿ ಮೆಚ್ಚುಗೆಗಾಗಿ ಸುಳ್ಳು ಬೆರೆಸಿದೆ, ನಾಳೆ ಎಲ್ಲಿಂದ ಹಿಡಿಯಬೇಕು ಎಂದು ಕೇಳಿಕೊಂಡು, ಮುಗಿದಷ್ಟನ್ನು ದೇವರಿಗೆ ಒಪ್ಪಿಸಿ ಏಳಿ.

ಬೆಚಲೇಲನನ್ನು ಕರೆದ ಅದೇ 31ನೆಯ ಅಧ್ಯಾಯ, ಅವನ ಕೆಲಸಗಳ ಪಟ್ಟಿ ಮುಗಿದ ಬೆನ್ನಲ್ಲೇ ಸಬ್ಬತ್ ಎಂಬ ವಿಶ್ರಾಂತಿ ದಿನದ ಆಜ್ಞೆಗೆ ಹೊರಳುತ್ತದೆ: ಅವನು ಕಟ್ಟಬೇಕಿದ್ದ ದೇವದರ್ಶನದ ಗುಡಾರದಂಥ ಆರಾಧನಾಸ್ಥಳದ ಕೆಲಸವೂ ಏಳನೆಯ ದಿನ ನಿಲ್ಲಬೇಕು. ನೀವೂ ವಾರಕ್ಕೊಂದು ದಿನ ಚಿತ್ರಕ್ಕೆ ಬಟ್ಟೆ ಹೊದಿಸಿ, ಹಸ್ತಪ್ರತಿಯನ್ನು ಪೆಟ್ಟಿಗೆಯಲ್ಲಿಟ್ಟು, ಆ ದಿನದ ಪ್ರಾರ್ಥನೆಯಲ್ಲಿ ಅದರ ಪ್ರಸ್ತಾಪವನ್ನೂ ಮಾಡದಿರಿ. ಮರುದಿನ ಬಟ್ಟೆ ಸರಿಸಿದಾಗ ಮೊದಲು ಕಣ್ಣಿಗೆ ಬಿದ್ದ ತಪ್ಪನ್ನೇ ಅಂದಿನ ಹತ್ತು ನಿಮಿಷದಲ್ಲಿ ಹೆಸರಿಸಿ.